ನಡುವೆ ಬಿಟ್ಟ ಜಾಗ

ಮೆಟ್ಟೂರಿನಿಂದ ಸೇಲಂಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ರೋಜಾ ಜನರ ಕಿವಿಗಳನ್ನು ನೋಡುತ್ತ ಕೂತಿದ್ದಳು. ಸರಿಯಾಗಿ ಹೇಳಬೇಕೆಂದರೆ ಕಿವಿಗಳನ್ನಲ್ಲ, ಕಿವಿಯ ಮುಂದಿನ ಬೆರಳಗಲದ ಜಾಗವನ್ನು. ಬಾಯಿ ತೆರೆದಾಗ ಅಲ್ಲಿ ಚರ್ಮದ ಕೆಳಗೆ ಒಂದು ಪುಟ್ಟ ಗುಂಡು ಮುಂದಕ್ಕೆ ಜಾರುತ್ತದೆ, ಮುಚ್ಚಿದಾಗ ಹಿಂದೆ ಬಂದು ತನ್ನ ಗುಳಿಯಲ್ಲಿ ಕೂರುತ್ತದೆ. ಪಕ್ಕದ ಸೀಟಿನ ಮುದುಕ ಹುರಿಗಡಲೆ ಅಗಿಯುತ್ತಿದ್ದ. ಅವನ ಗುಂಡು ಲಯ ತಪ್ಪದೆ ಹೋಗಿ ಬರುತ್ತಿತ್ತು. ಮುಂದೆ ಕೂತ ಹೆಂಗಸು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದಳು. ಅವಳದು ಇನ್ನೂ ಚುರುಕು. ಮೇಚೇರಿ ಬಂತೆಂದು ಕಂಡಕ್ಟರ್ ಕೂಗಿದಾಗ ಅವನ ಗುಂಡು ಎಷ್ಟು ಮುಂದಕ್ಕೆ ಬಂತೆಂದರೆ, ಅದು ವಾಪಸು ಹೋಗುವುದೋ ಇಲ್ಲವೋ ಎಂದು ಅವಳಿಗೆ ಒಂದು ಗಳಿಗೆ ದಿಗಿಲಾಯಿತು. ಹೋಯಿತು. ಬಸ್ಸಿನ ತುಂಬ ಜನ ತಾವೇನು ಮಾಡುತ್ತಿದ್ದೇವೆಂಬುದೇ ತಿಳಿಯದೆ ಇಂಥ ನಾಜೂಕಿನ ಕೆಲಸವನ್ನು ಇಷ್ಟು ಸಲೀಸಾಗಿ ಮಾಡುತ್ತಿದ್ದಾರಲ್ಲ ಎಂದು ನಗು ಬಂತು. ನಗುವಾಗ ತನ್ನದೂ ಜಾರಿತೇ ಎಂದು ಬೆರಳಿಟ್ಟು ನೋಡಿಕೊಂಡಳು. ಮುದುಕ ಅವಳಿಗೆ ಹಲ್ಲುನೋವೆಂದು ತಿಳಿದಿರಬೇಕು, ಲವಂಗ ಇಟ್ಟುಕೋ ಎಂದು ತಮಿಳಿನಲ್ಲಿ ಹೇಳಿದ. ಆಗಲಿ ಎಂದು ತಲೆಯಾಡಿಸಿದಳು. ಕಿಟಕಿಯಾಚೆ ರಾತ್ರಿಯ ಮಳೆಗೆ ತೊಳೆದುಕೊಂಡ ನೆಲಗಡಲೆ ಹೊಲಗಳು, ಅವುಗಳ ಮೇಲೆ ಎಳೆ ಬಿಸಿಲು. ಇಷ್ಟು ಒಳ್ಳೆಯ ಬೆಳಗಿನಲ್ಲಿ ಹೀಗೆ ಹೆದರಿಕೊಂಡು ಕೂರುವುದು ಅನ್ಯಾಯ ಎನ್ನಿಸಿತು.

ಈ ಹೊತ್ತಿಗೆ ಸೇಲಂನ ಆಸ್ಪತ್ರೆಯಲ್ಲಿ ರಮಾಮಣಿಯನ್ನು ಆಪರೇಷನ್ ಥಿಯೇಟರಿನೊಳಗೆ ಕರೆದುಕೊಂಡು ಹೋಗಿರುತ್ತಾರೆ. ಬಾಯಿ ತೆರೆಯದವರಿಗೆ ಉಸಿರಿನ ಕೊಳವೆಯನ್ನು ಮೂಗಿನ ಮೂಲಕ, ಎಚ್ಚರವಿರುವಾಗಲೇ, ನಿಧಾನವಾಗಿ ಇಳಿಸಬೇಕು. ಅದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ರಮಾಮಣಿ ಪಾಲಮಲೆಯ ಮೇಲಿನ ಒಂದು ಹಳ್ಳಿಯ ಹುಡುಗಿ. ಚಿಕ್ಕವಳಿದ್ದಾಗ ಬಂಡೆಯ ಮೇಲಿಂದ ಗದ್ದ ಊರಿ ಬಿದ್ದಿದ್ದಳು. ಗದ್ದದ ಗಾಯ ಬೇಗ ಮಾಯಿತು. ಆದರೆ ಪೆಟ್ಟು ಮೇಲಕ್ಕೆ ಹೋಗಿ ಎಡಗಿವಿಯ ಮುಂದಿನ ಆ ಗುಂಡನ್ನು ಒಡೆದಿತ್ತು. ಅದು ಯಾರಿಗೂ ಕಾಣಲಿಲ್ಲ. ಒಡೆದ ಮೂಳೆ ಕೂಡಿಕೊಳ್ಳುವಾಗ ಮೇಲಿನ ತಲೆಬುರುಡೆಯನ್ನೂ ಸೇರಿಸಿಕೊಂಡು ಕೂಡಿಕೊಂಡಿತು. ಬಾಯಿ ವರ್ಷದಿಂದ ವರ್ಷಕ್ಕೆ ಬಿಗಿಯುತ್ತ ಬಂದು, ಈಗ ಹಲ್ಲುಗಳ ನಡುವೆ ಬಸ್ ಟಿಕೆಟ್ ತೂರುವಷ್ಟೇ ಸಂದು. ಹಿಂದಿನ ಹಲ್ಲೊಂದು ಬಿದ್ದ ಕಿಂಡಿಯಿಂದ ಗಂಜಿ, ಸಾರು, ಹಿಸುಕಿದ ಅನ್ನ. ಆ ಮೂಳೆಯ ಗಂಟನ್ನು ಡಾಕ್ಟರ್ ನಾಗರಾಜನ್ ಇವತ್ತು ಕತ್ತರಿಸಿ ತೆಗೆಯಬೇಕು. ಗಂಟಿನ ಮೇಲೆ ತಲೆಬುರುಡೆಯ ತೆಳು ಗೋಡೆ, ಅದರಾಚೆ ಮಿದುಳು. ಒಳಮಗ್ಗುಲಲ್ಲಿ ದೊಡ್ಡ ರಕ್ತನಾಳ. ಹಿಂದೆ ಕಿವಿಯ ಕೊಳವೆ. ಗರಗಸ ಎಲ್ಲಿ ಇಳಿಯಬೇಕು, ಎಷ್ಟು ಓರೆಯಾಗಿ, ಎಷ್ಟು ಆಳಕ್ಕೆ ಹೋಗಿ ನಿಲ್ಲಬೇಕು ಎಂದು ತೋರಿಸಿಕೊಡುವುದು ಹೆಬ್ಬೆರಳಿನ ತುದಿಯಷ್ಟಿರುವ, ಗಂಜಿ ಬಣ್ಣದ ಒಂದು ಪ್ಲಾಸ್ಟಿಕ್ ತುಂಡು. ಆಸ್ಪತ್ರೆಯಲ್ಲಿ ಅದನ್ನು ಗೈಡು ಎನ್ನುತ್ತಾರೆ. ರಮಾಮಣಿಯ ಸಿ.ಟಿ. ಸ್ಕ್ಯಾನ್ ನೋಡಿ, ಅವಳ ಮೂಳೆಯ ಏರುತಗ್ಗಿಗೆ ತಕ್ಕಂತೆ, ಅವಳೊಬ್ಬಳಿಗೆಂದೇ ಕಂಪ್ಯೂಟರಿನಲ್ಲಿ ರೂಪಿಸಿ, ಯಂತ್ರದಲ್ಲಿ ಪದರದ ಮೇಲೆ ಪದರವಾಗಿ ಅಚ್ಚು ಹಾಕಿದ್ದು. ಲೋಕದಲ್ಲಿ ಇನ್ನಾರ ಮೂಳೆಯ ಮೇಲೂ ಅದು ಕೂರದು. ರಮಾಮಣಿಯ ಮೂಳೆಯ ಮೇಲಾದರೂ ಕೂರುತ್ತದೆಯೇ ಎಂಬುದು, ಅದನ್ನು ರೂಪಿಸಿದ ರೋಜಾಗೆ ಗೊತ್ತಿರಲಿಲ್ಲ. ಕೂರದಿದ್ದರೆ ಡಾಕ್ಟರು ಕಣ್ಣಳತೆಯಲ್ಲಿ ಕತ್ತರಿಸುತ್ತಾರೆ; ಅಪಾಯಕ್ಕೆ ಅಂಜಿ ಒಂದಷ್ಟು ಮೂಳೆ ಉಳಿಸುತ್ತಾರೆ; ಉಳಿದ ಮೂಳೆ ಮತ್ತೆ ಬೆಳೆದು ಕೂಡಿಕೊಳ್ಳುತ್ತದೆ. ಬಾಯಿ ಕೆಲವು ತಿಂಗಳು ಅರ್ಧ ತೆರೆದು ಮತ್ತೆ ಮುಚ್ಚಿಹೋಗುತ್ತದೆ.

ಇದಕ್ಕೆಲ್ಲ ಕಾರಣ ಒಂದು ತಾಮ್ರದ ಉಂಗುರ. ಸ್ಕ್ಯಾನ್ ಮಾಡುವ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆಸುತ್ತಾರೆ. ಓಲೆ, ಮೂಗುಬೊಟ್ಟು, ಸರ ಎಲ್ಲವನ್ನೂ ತೆಗೆದುಕೊಟ್ಟ ಹುಡುಗಿ ಎಡಗಿವಿಯ ಮೇಲಂಚಿನಲ್ಲಿದ್ದ ಉಂಗುರವನ್ನು ಮಾತ್ರ ಮುಟ್ಟಗೊಡಲಿಲ್ಲವಂತೆ. ಪರದೆಯ ಮೇಲೆ ಅದು ಮಧ್ಯಾಹ್ನದ ಸೂರ್ಯನ ಹಾಗೆ ಉರಿಯಿತು. ಅದರಿಂದ ಹೊರಟ ಬಿಳಿ ಗೆರೆ ಕರಿ ಗೆರೆಗಳು ಕಿವಿಯ ಮುಂದಕ್ಕೆಲ್ಲ ಚದುರಿ, ಬೇಕಾದ ಜಾಗವನ್ನೇ, ಗಂಟಿನ ಹೊರಮೈಯನ್ನೇ, ಅಳಿಸಿಹಾಕಿದ್ದವು. ಅಂಥ ಉಂಗುರ ಏನೆಂದು ರೋಜಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊಳತ್ತೂರಿನ ಪಕ್ಕದ ತನ್ನ ಅಜ್ಜಿಯ ಊರಿನಲ್ಲೂ ಮಕ್ಕಳಿಗೆ ಆಪತ್ತು ಬಂದರೆ ಮಾದಪ್ಪನಿಗೆ ಹರಕೆ ಕಟ್ಟಿ ಕಿವಿಯ ಮೇಲಂಚಿಗೆ ತಾಮ್ರ ಹಾಕುತ್ತಿದ್ದರು. ಬೇಡಿದ್ದು ನಡೆಯುವ ತನಕ ಅದನ್ನು ತೆಗೆಯುವ ಹಾಗಿಲ್ಲ. ಬಾಯಿ ತೆರೆಯಲೆಂದು ಹಾಕಿದ ಉಂಗುರವೇ ಬಾಯಿ ತೆರೆಯುವ ದಾರಿಯ ಮೇಲೆ ಕೂತಿತ್ತು. ರೋಜಾ ಆ ತಾಯಿಗೆ ಫೋನ್ ಮಾಡಿದಳು. ತಮಿಳಿನಲ್ಲಿ, ಆಸ್ಪತ್ರೆಯವರು ಮಾತಾಡುವ ನಯವಾದ ತಮಿಳಿನಲ್ಲಿ, ಉಂಗುರ ತೆಗೆದು ಇನ್ನೊಂದು ಸ್ಕ್ಯಾನ್ ಮಾಡಿಸಿದರೆ ಒಳ್ಳೆಯದು ಎಂದಳು. ಆ ಕಡೆಯಿಂದ ಮುರುಕು ತಮಿಳಿನಲ್ಲಿ ಸಾಮಿಯದು, ತೆಗೆಯೋಕಾಗಲ್ಲ ಎಂದು ಉತ್ತರ ಬಂತು. ಆಮೇಲೆ ಫೋನನ್ನು ಕೊಂಚ ದೂರ ಹಿಡಿದು ಪಕ್ಕದವರಿಗೆ ಕನ್ನಡದಲ್ಲಿ, “ತಮಿಳ್ರ ಪುಳ್ಳೆ ಕಣೋ, ಇದಕ್ಕೆ ಮಾದಪ್ಪನ ವಿಸ್ಯ ಎಂಗೆ ಏಳಾದು” ಎಂದದ್ದು ಅಕ್ಷರ ಅಕ್ಷರವೂ ಕೇಳಿಸಿತು. ತಾನು ತಮಿಳರ ಹುಡುಗಿಯಲ್ಲ ಎನ್ನಲು ರೋಜಾಳ ನಾಲಿಗೆಯ ತುದಿಗೆ ಕನ್ನಡ ಬಂದೇಬಿಟ್ಟಿತ್ತು. ಆದರೆ ಗೈಡು ಮಾಡುವ ಲ್ಯಾಬಿನಲ್ಲಿ ಸುತ್ತ ನಾಲ್ಕು ಜನ ಕೂತಿದ್ದರು. ಹಿಂದೊಮ್ಮೆ ಮೆಟ್ಟೂರಿನ ಶಾಲೆಯ ಗೇಟಿನ ಹತ್ತಿರ ಅಜ್ಜಿ ಬುತ್ತಿ ಹಿಡಿದು ನಿಂತು, ಮೈದಾನ ದಾಟುವ ಹಾಗೆ, ಲೇ ರೋಜಾ ಉಣ್ಣಾಕೆ ಬಾ ಎಂದು ಕೂಗಿದ್ದಳು. ಆ ವರ್ಷವಿಡೀ ಹುಡುಗಿಯರು ಅವಳನ್ನು ಅದೇ ರಾಗದಲ್ಲಿ ಕರೆದರು. ಅವರಿಗೆ ಅದು ಬರೀ ತಮಾಷೆ. ಅವಳ ಕನ್ನಡ ಮಾತ್ರ ಅಂದಿನಿಂದ ಮನೆಯ ಹೊಸ್ತಿಲು ದಾಟಲಿಲ್ಲ. ಸರಿ ಅಮ್ಮಾ, ಪರವಾಯಿಲ್ಲ ಎಂದು ತಮಿಳಿನಲ್ಲೇ ಹೇಳಿ ಫೋನ್ ಇಟ್ಟಳು.

ಪರವಾಗಿಲ್ಲ ಎಂದದ್ದಕ್ಕೆ ಪರವಾಗಿಲ್ಲದಂತೆ ಮಾಡಬೇಕಲ್ಲ. ಮೊದಲು ಅಳಿಸಿಹೋದ ಜಾಗವನ್ನು ತುಂಬಿದಳು. ಸುತ್ತಲಿನ ಮೂಳೆಯ ಬಾಗನ್ನು ನೋಡಿ ನಡುವೆ ಏನಿರಬಹುದೆಂದು ಸಾಫ್ಟ್‌ವೇರ್ ತಾನೇ ಊಹಿಸಿ ಎಳೆದುಕೊಟ್ಟಿತು: ನುಣುಪಾದ, ಬೆಣ್ಣೆ ಸವರಿದಂಥ ಮೂಳೆ. ಇಡೀ ಬುರುಡೆಯಲ್ಲಿ ಅಷ್ಟು ಚೆಂದದ ಭಾಗ ಇನ್ನೊಂದಿರಲಿಲ್ಲ. ಅದರ ಮೇಲೆ ಗೈಡನ್ನು ಕೂರಿಸಿ, ತಿರುಗಿಸಿ ತಿರುಗಿಸಿ ನೋಡಿ ಸಂತೋಷಪಟ್ಟು ಮನೆಗೆ ಹೋದಳು. ಮರುದಿನ ಸ್ನಾನ ಮಾಡುತ್ತಿದ್ದಾಗ, ಅಷ್ಟು ಚೆಂದವಾಗಿರುವುದೇ ಅದು ಸುಳ್ಳೆಂಬುದಕ್ಕೆ ಗುರುತು ಎಂದು ಹೊಳೆದು, ತಲೆಯ ಮೇಲಿನ ಸೋಪಿನ ನೊರೆಯೊಂದಿಗೆ ಹಾಗೇ ನಿಂತುಬಿಟ್ಟಳು. ಲ್ಯಾಬಿಗೆ ಹೋಗಿ ಆ ನುಣುಪನ್ನೆಲ್ಲ ಅಳಿಸಿದಳು. ಕಾಣದ ಜಾಗವನ್ನು ಮುಟ್ಟದೆ ಅದರ ಮೇಲೆ ಸೇತುವೆಯ ಹಾಗೆ ಹಾದುಹೋಗುವ ಗೈಡನ್ನು ಮಾಡಿದಳು. ಅದಕ್ಕೆ ಮೂರೇ ಕಾಲು: ಒಂದು ಕೆನ್ನೆಯ ಮೂಳೆಯ ಬುಡದಲ್ಲಿ, ಒಂದು ದವಡೆಯ ಹಿಂದಿನ ಅಂಚಿನಲ್ಲಿ, ಒಂದು ಗಂಟಿನ ಮುಂದೆ. ಮೂರೂ ಸ್ಪಷ್ಟವಾಗಿ ಕಂಡ ಮೂಳೆಯ ಮೇಲೆ. ಹೊಲದಲ್ಲಿ ಅಡುಗೆ ಮಾಡುವವರು ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ನೆಲ ಎಷ್ಟೇ ಉಬ್ಬುತಗ್ಗಿರಲಿ, ಮೂರು ಕಲ್ಲಿನ ಮೇಲೆ ಮಡಕೆ ಅಲುಗದು. ಯೋಚನೆ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಅದರ ನಂತರದ್ದು. ನಾಗರಾಜನ್ ತಮ್ಮ ಕೋಣೆಯಲ್ಲಿ ಆ ಚಿತ್ರವನ್ನು ಪರದೆಯ ಮೇಲೆ ಒಂದು ಸುತ್ತು ತಿರುಗಿಸಿ ನೋಡಿ, ಏನಾದರೂ ಅನುಮಾನವಿದೆಯಾ ರೋಜಾ ಎಂದು ಕೇಳಿದರು. ಇಲ್ಲ ಸಾರ್ ಎಂದಳು. ಅವಳ ಮೊಟ್ಟಮೊದಲ ಗೈಡು ತುಂಬ ಅಗಲವಾಗಿ, ಚರ್ಮದ ಸಣ್ಣ ಸೀಳಿನೊಳಗೆ ಹೋಗದೆ ವಾಪಸು ಬಂದಿತ್ತು. ಈ ಪೇಷಂಟು ಕೆನ್ನೆಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದಾರೆ ಅಂದುಕೊಂಡೆಯಾ ಎಂದು ಅವರು ಕೇಳಿದ್ದಕ್ಕೆ ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು. ಅವರೂ ಒಳ್ಳೆಯ ಮನಸ್ಸಿನಿಂದಲೇ ನಕ್ಕಿದ್ದರು. ಅದೇ ಕೋಣೆಯಲ್ಲಿ ಕೂತು, ಇಲ್ಲೊಂದು ಕಡೆ ನನಗೆ ಮೂಳೆ ಕಾಣಿಸಲಿಲ್ಲ ಸಾರ್ ಎನ್ನಲು ಬಾಯಿ ಬರಲಿಲ್ಲ.

ಗೈಡು ಬಳಸುವ ದಿನ ಅದನ್ನು ಮಾಡಿದವರು ಆಸ್ಪತ್ರೆಯಲ್ಲೇ ಇರಬೇಕೆಂಬುದು ನಾಗರಾಜನ್ ಅವರ ನಿಯಮ. ಲ್ಯಾಬಿನಲ್ಲಿ ಕೂರಲಾಗದೆ ರೋಜಾ ಥಿಯೇಟರಿನ ಹೊರಗಿನ ಬೆಂಚಿಗೆ ಬಂದಳು. ಅಲ್ಲಿ ಒಬ್ಬ ಹೆಂಗಸು ಕಾಲು ಮಡಚಿ ಕೂತಿದ್ದಳು. ಪಕ್ಕದಲ್ಲಿ ಅವಳಿಗಿಂತ ಚಿಕ್ಕವನಾದ ಒಬ್ಬ ಗಂಡಸು, ಹೊಸದಾಗಿ ಬೋಳಿಸಿದ ಗಡ್ಡ, ಮಡಿಲಲ್ಲಿ ಚಟ್ಟಿಯಂಥ ದೊಡ್ಡ ಟಿಫಿನ್ ಡಬ್ಬಿ. ಆ ಹೆಂಗಸು ಅವನಿಗೆ ಏನೋ ಹೇಳಿದಳು; ಫೋನಿನಲ್ಲಿ ಕೇಳಿದ ದನಿಯೇ ಎಂದು ರೋಜಾಗೆ ಗುರುತು ಸಿಕ್ಕಿತು. ರಮಾಮಣಿಯ ತಾಯಿ ಮುನಿರತ್ನಮ್ಮ. ಗಂಡಸು ಅವಳ ತಮ್ಮ, ಹುಡುಗಿಯ ಸೋದರಮಾವ ಚಿನ್ನಪ್ಪ. ರೋಜಾ ಬೆಂಚಿನ ತುದಿಯಲ್ಲಿ ಕೂತು ಗೋಡೆ ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ ಚಿನ್ನಪ್ಪನ ದನಿ ಕೇಳಿಸಿತು. ಪಕ್ಕದವರಿಗೆ ಭಾಷೆ ತಿಳಿಯದೆಂಬ ಧೈರ್ಯದಲ್ಲಿ ಅವನು ದನಿಯನ್ನೇನೂ ತಗ್ಗಿಸಿರಲಿಲ್ಲ.

“ಅಕ್ಕಾ, ಆ ಪುಳ್ಳೆ ನೋಡು. ಉಗುರೆಲ್ಲ ತಿಂದು ಮುಗಿಸ್ತು. ಇನ್ನು ಬೆರಳಿಗೆ ಬತ್ತದೆ.”

“ಸುಮ್ಕಿರ್ಲಾ. ಅದರ ಮನೇರು ಯಾರು ಒಳಗವ್ರೋ ಏನೋ.”

“ಗಂಡ ಇರ್ಬೇಕು.”

“ತಾಳಿ ಎಲ್ಲೈತೆ?”

“ಈಗಿನೋವು ಬ್ಯಾಗಲ್ಲಿ ಮಡಿಕ್ಕತಾವೆ.”

ರೋಜಾ ಕೈಯನ್ನು ಬಾಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮುಖ ಬಿಸಿಯಾಯಿತು, ಅದರ ಒಳಗಿಂದ ನಗು ಒತ್ತಿಕೊಂಡು ಬರುತ್ತಿತ್ತು. ಮುನಿರತ್ನಮ್ಮ ಟಿಫಿನ್ ಡಬ್ಬಿಯಿಂದ ಒಂದು ಇಡ್ಲಿ ತೆಗೆದು, ಎಲೆಯ ಚೂರಿನ ಮೇಲಿಟ್ಟು ಅವಳ ಕಡೆಗೆ ಚಾಚಿ, ತನ್ನ ಮುರುಕು ತಮಿಳಿನಲ್ಲಿ, ಯಾರಿಗೋಸ್ಕರ ಬಂದಿದ್ದೀಯ ಮಗಳೇ ಎಂದು ಕೇಳಿದಳು. ಆ ಎಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ ರೋಜಾ ಉತ್ತರವನ್ನು ಯೋಚಿಸಲಿಲ್ಲ; ಬಾಯಿಗೆ ಬಂದದ್ದು ಕನ್ನಡ.

“ರಮಾಮಣಿಗೋಸ್ಕರನೇ ಬಂದಿವ್ನಿ ಅಮ್ಮಾ.”

ಚಿನ್ನಪ್ಪ ಡಬ್ಬಿಯ ಮುಚ್ಚಳ ಕೆಳಗೆ ಬೀಳಿಸಿದ. ಅದು ಕಾರಿಡಾರಿನುದ್ದಕ್ಕೂ ಉರುಳಿಕೊಂಡು ಹೋಯಿತು. ಅದನ್ನು ಹಿಡಿದು ತರುವ ನೆಪದಲ್ಲಿ ಅವನು ಎದ್ದುಹೋಗಿ, ಹೋದದ್ದಕ್ಕಿಂತ ನಿಧಾನವಾಗಿ ವಾಪಸು ಬಂದ. ಬಂದವನು ಉಗುರಿನ ವಿಷಯ ತೆಗೆಯದೆ ನೇರವಾಗಿ ಊರು ಯಾವುದು, ಯಾರ ಮನೆ, ಕೊಳತ್ತೂರಿನಲ್ಲಿ ಇಂಥವರು ಗೊತ್ತೇ ಎಂದು ನೆಂಟಸ್ತಿಕೆಯ ಎಳೆ ಹುಡುಕತೊಡಗಿದ. ಎರಡು ಮೂರು ಊರು ಸುತ್ತಿದ ಮೇಲೆ ರೋಜಾ ತನಗೆ ದೂರದಿಂದ ಸೊಸೆಯಾಗಬೇಕೆಂದು ಸಾಬೀತು ಮಾಡಿ, ತಮಾಷೆ ಮಾಡಿದ್ದು ಮಾವನ ಹಕ್ಕೆಂದು ತನಗೆ ತಾನೇ ಕ್ಷಮೆ ಕೊಟ್ಟುಕೊಂಡ. ರಮಾಮಣಿಗೆ ಬಾಯಿ ಬಂದರೆ ಮೊದಲ ಬೈಗುಳ ತನಗೇ ಎಂದೂ ಹೇಳಿದ. ಹಲ್ಲು ಕಚ್ಚಿಕೊಂಡೇ ಅವಳು ಇಷ್ಟು ವರ್ಷ ಅವನನ್ನು ಆಡಿಸಿಟ್ಟಿದ್ದಾಳೆ. ಡಿಗ್ರಿ ಮಾಡಿದ್ದಾಳೆ, ಊರಿನವರ ಕಾಗದಪತ್ರವೆಲ್ಲ ಅವಳ ಕೈಯಲ್ಲೇ. ಇನ್ನು ಬಾಯಿಯೂ ಪೂರಾ ತೆರೆದರೆ ತಾನು ಬೆಟ್ಟ ಬಿಟ್ಟು ಸೇಲಂನಲ್ಲಿ ಯಾವುದಾದರೂ ರೈಲು ಹತ್ತಬೇಕಾದೀತು. ಮುನಿರತ್ನಮ್ಮ ನಗಲಿಲ್ಲ, ಆದರೆ ಅವಳ ಭುಜ ಸಡಿಲವಾಯಿತು. ಸೆರಗಿನ ಗಂಟನ್ನು ಬಿಚ್ಚಿ ಏನನ್ನೋ ನೋಡಿ ಮತ್ತೆ ಕಟ್ಟಿದಳು. ತಾಮ್ರದ ಉಂಗುರ.

“ತೆಗ್ದುಬುಟ್ರಾ ಅಮ್ಮಾ?” ರೋಜಾಳ ದನಿ ಅವಳಿಗೇ ಅಪರಿಚಿತವಾಗಿತ್ತು.

“ಊಂ. ಬೆಳಿಗ್ಗೆ ಆ ನರ್ಸಮ್ಮ, ಒಳಗೆ ಕರೆಂಟು ಮಡಗ್ತಾರೆ, ತಾಮ್ರ ಇದ್ರೆ ಕಿವಿ ಸುಡ್ತದೆ ಅಂತ ಏಳ್ತು. ತೆಗ್ದು ಕೊಟ್ಟೆ. ಅದಕ್ಕೇನಂತೆ, ಕೈಗೊಂದು ಅರಿಸಿನದ ದಾರ ಕಟ್ಟಿ, ಸ್ವಲ್ಪ ಒತ್ತು ತಡ್ಕೊ ಮಾದಪ್ಪಾ ಅಂದೆ. ಅವನೇನು ನಮ್ಮಂಗೆ ಅಟ ಮಾಡ್ತಾನಾ?”

“ಅವತ್ತು ಫೋನಲ್ಲಿ ಆಗಲ್ಲ ಅಂದ್ರಲ್ಲ.”

“ಅವತ್ತು ಯಾರೋ ತಮಿಳ್ರ ಪುಳ್ಳೆ ಮಾಡಿತ್ತು. ತೆಗೀರಿ ಅಂತು, ಯಾಕೆ ಅಂತ ಏಳ್ಲಿಲ್ಲ. ಆಗಲ್ಲ ಅಂದೆ, ಸರಿ ಅಂತ ಮಡಗಿಬುಡ್ತು. ಇನ್ನೊಂದು ಮಾತು ಕೇಳಿದ್ರೆ ಅವತ್ತೇ ತೆಗ್ದುಬುಡ್ತಿದ್ದೆ.”

“ಅದು ನಾನೇ ಅಮ್ಮಾ.”

ಮುನಿರತ್ನಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೈಗುಳಕ್ಕೆ ರೋಜಾ ಸಿದ್ಧವಾಗಿದ್ದಳು, ಬೈದರೆ ಎಷ್ಟೋ ಹಗುರ ಎಂದೂ ಆಸೆಪಟ್ಟಳು. ತಾಯಿ ಮಾತ್ರ ನಿಜವಾದ ಮೆಚ್ಚುಗೆಯಲ್ಲಿ, “ಎಷ್ಟು ಚೆಂದಾಗಿ ತಮಿಳು ಮಾತಾಡ್ತಿಯಾ ಅಮ್ಮಣಿ, ಗೊತ್ತೇ ಆಗ್ಲಿಲ್ಲ” ಎಂದಳು. ಇಷ್ಟು ಸಣ್ಣದೇ, ಇನ್ನೊಂದೇ ಮಾತಿನ ದೂರವೇ ಎಂದು ರೋಜಾ ಇಡ್ಲಿಯನ್ನು ನೋಡುತ್ತ ಕೂತಳು. ಒಂದು ಜೀವಮಾನದ ನಾಚಿಕೆ ಒಂದು ಫೋನಿನಲ್ಲಿ ಮುಗಿಯಬಹುದಾಗಿತ್ತು. ಆಗ ಥಿಯೇಟರಿನ ಬಾಗಿಲು ಅರ್ಧ ತೆರೆದು ಸಿಸ್ಟರ್ ಕಲೈವಾಣಿ ತಲೆ ಹೊರಗೆ ಹಾಕಿ, ಸಾರ್ ಕರೆಯುತ್ತಿದ್ದಾರೆ, ಗೈಡು ಕೂರುತ್ತಿಲ್ಲವಂತೆ ಎಂದಳು. ಅವಳು ಹೇಳಿದ್ದು ತಮಿಳಿನಲ್ಲಿ. ಕೂರುತ್ತಿಲ್ಲ ಎಂಬುದು ಬೆಂಚಿನ ಮೇಲಿದ್ದ ಮೂವರಿಗೂ ಅರ್ಥವಾಯಿತು. ಚಿನ್ನಪ್ಪ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ.

ಬಟ್ಟೆ ಬದಲಿಸಿ, ಟೋಪಿ ಮಾಸ್ಕು ಹಾಕಿಕೊಂಡು ಒಳಗೆ ಹೋದಾಗ ಮೊದಲು ಕಂಡದ್ದು ಹಸಿರು ಬಟ್ಟೆ, ಅದರ ನಡುವೆ ದೀಪದ ಬೆಳಕಿನಲ್ಲಿ ಒಂದು ಕಿವಿ, ಕಿವಿಯ ಮುಂದೆ ತೆರೆದ ಗಾಯ, ಗಾಯದೊಳಗೆ ಮೂಳೆ. ಪರದೆಯ ಮೇಲೆ ಬೂದುಬಣ್ಣದಲ್ಲಿ ತಿರುಗಿಸಿ ತಿರುಗಿಸಿ ಬಾಯಿಪಾಠವಾಗಿದ್ದ ಮೂಳೆ ಇಲ್ಲಿ ದಂತದ ಬಣ್ಣಕ್ಕಿತ್ತು, ಒದ್ದೆಯಾಗಿತ್ತು, ಬದುಕಿತ್ತು. ಅವಳಿಗೆ ಭಯದ ನಡುವೆಯೂ ಹಳೆಯ ಗೆಳತಿಯನ್ನು ನೋಡಿದ ಹಾಗೆ ಸಂತೋಷವಾಯಿತು. ಅದರ ಮೇಲೆ ಅವಳ ಗೈಡು. ನಾಗರಾಜನ್ ತೋರುಬೆರಳಿನಿಂದ ಅದರ ನಡುವನ್ನು ಒತ್ತುತ್ತಿದ್ದರು. ಒತ್ತಿದಾಗಲೆಲ್ಲ ಅದು ಒಂದು ಮಗ್ಗುಲಿಗೆ ಏಳುತ್ತಿತ್ತು. ನಡುವೆ ಸಂದು ಬಿಟ್ಟಿದೆ ನೋಡು ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹಗಲೆಲ್ಲ ನಿಂತು ಕೆಲಸ ಮಾಡುವವರ ಆಯಾಸವಷ್ಟೇ. ಕ್ರಿಮಿ ಕೊಲ್ಲಲು ಸ್ಟೀಮಿನಲ್ಲಿ ಇಡುವಾಗ ಬಾಗಿರಬೇಕು, ಅಲ್ಲವೇ ಎಂದು ಅವರೇ ಕೇಳಿದರು. ಅದು ಕೇಳಿದ್ದಲ್ಲ, ಕೈಹಿಡಿದು ಮೇಲೆತ್ತಿದ್ದು. ಗೈಡುಗಳು ಬಿಸಿಗೆ ಬಾಗುವುದುಂಟು, ಅದು ಯಾರ ತಪ್ಪೂ ಅಲ್ಲ. ಹೌದು ಸಾರ್ ಎಂದರೆ ಮುಗಿಯಿತು. ಅವರು ಅದನ್ನು ಬದಿಗಿಟ್ಟು ಕಣ್ಣಳತೆಯಲ್ಲಿ ಕತ್ತರಿಸುತ್ತಾರೆ, ಮೂಳೆ ಉಳಿಸುತ್ತಾರೆ. ಬಾಯಿ ಅರ್ಧ ತೆರೆಯುತ್ತದೆ. ಅರ್ಧಕ್ಕೇ ಆ ತಾಯಿ ಮಾದಪ್ಪನಿಗೆ ಕೈಮುಗಿಯುತ್ತಾಳೆ. ಸಹಾಯಕ ಡಾಕ್ಟರುಗಳಿಬ್ಬರೂ ರೋಜಾಳ ಕಡೆ ನೋಡುತ್ತಿದ್ದರು. ಮಾಸ್ಕಿನ ಮೇಲೆ ಬರೀ ಕಣ್ಣುಗಳು. ಕಣ್ಣುಗಳು ನಗುತ್ತವೆಯೋ ಇಲ್ಲವೋ ತಿಳಿಯುವುದಿಲ್ಲ.

“ಬಾಗಿಲ್ಲ ಸಾರ್. ಆ ಸಂದು ನಾನೇ ಬಿಟ್ಟದ್ದು.”

ನಾಗರಾಜನ್ ಬೆರಳೆತ್ತಿದರು. ಉಳಿದದ್ದನ್ನು ಅವಳು ಒಂದೇ ಉಸಿರಿಗೆ ಹೇಳಿದಳು: ಉಂಗುರದ ನೆರಳಿನಿಂದ ಅಲ್ಲಿ ಮೂಳೆ ಕಾಣಲಿಲ್ಲವೆಂದು, ಕಾಣದ ಮೂಳೆಯನ್ನು ಊಹಿಸಿ ಮುಟ್ಟಬಾರದೆಂದು ಅದರ ಮೇಲೆ ಹಾಯಿಸಿದ್ದೇನೆಂದು, ಗೈಡು ನಿಲ್ಲುವುದು ಮೂರು ಕಾಲಿನ ಮೇಲೆ ಮಾತ್ರವೆಂದು, ನಡುವೆ ಒತ್ತಿದರೆ ಏಳುತ್ತದೆಂದು, ಇದನ್ನು ಮೊದಲೇ ಹೇಳಬೇಕಿತ್ತು, ಕೇಳಿದಾಗ ಇಲ್ಲ ಎಂದೆ, ಅದು ತಪ್ಪೆಂದು. ಥಿಯೇಟರಿನಲ್ಲಿ ಅರಿವಳಿಕೆಯ ಯಂತ್ರ ಒಂದೇ ಸಮನೆ ಉಸಿರಾಡುತ್ತಿತ್ತು. ಹಾಗಾದರೆ ನಿನ್ನ ಕಾಲುಗಳನ್ನು ತೋರಿಸು ಎಂದರು ನಾಗರಾಜನ್. ಅವಳು ಏನನ್ನೂ ಮುಟ್ಟದೆ, ಕೈಯನ್ನು ಹಿಂದೆ ಕಟ್ಟಿಕೊಂಡು, ಮಾತಿನಲ್ಲೇ ಒಂದೊಂದನ್ನೂ ತೋರಿಸಿದಳು. ಕೆನ್ನೆಯ ಬುಡದ್ದು ಸರಿಯಾಗಿತ್ತು. ಮುಂದಿನದು ಸರಿಯಾಗಿತ್ತು. ದವಡೆಯ ಹಿಂದಿನ ಅಂಚಿನ ಕಾಲಿನ ಕೆಳಗೆ ಇನ್ನೂ ಒಂದು ಎಳೆ ಮಾಂಸ ಸಿಕ್ಕಿಕೊಂಡಿತ್ತು. ಆ ಜಾಗದಲ್ಲಿ ಏನೂ ಕೂರಬೇಕಾಗಿಲ್ಲವೆಂದು ಅವರು ಅದನ್ನು ಬಿಡಿಸಿರಲಿಲ್ಲ. ಈಗ ಬಿಡಿಸಿದರು. ಗೈಡನ್ನು ಮತ್ತೆ ಇಟ್ಟು, ಮೂರು ಬೆರಳನ್ನು ಮೂರು ಕಾಲಿನ ಮೇಲಿಟ್ಟು ಒತ್ತಿದರು. ಪೆನ್ನಿನ ಮುಚ್ಚಳ ಬಿದ್ದಂಥ ಒಂದು ಸಣ್ಣ ಸದ್ದು. ಚಿಮಟದಿಂದ ಅಲುಗಿಸಿ ನೋಡಿದರು, ಅಲುಗಲಿಲ್ಲ. ಇನ್ನೊಮ್ಮೆ, ಬಲವಾಗಿ. ಅಲುಗಲಿಲ್ಲ. ಆಮೇಲೆ ಅವರು ದೀಪವನ್ನು ಓರೆ ಮಾಡಿ ಸೇತುವೆಯ ಕೆಳಗೆ ನೋಡಿ, ಬಾ ಇಲ್ಲಿ ಎಂದು ಅವಳನ್ನು ಕರೆದು ತೋರಿಸಿದರು. ಕಂಪ್ಯೂಟರು ಬೆಣ್ಣೆ ಸವರಿದ್ದ ಜಾಗದಲ್ಲಿ ಹುಣಿಸೆ ಬೀಜದಷ್ಟು ಗಾತ್ರದ ಒರಟು ಮೂಳೆಯೊಂದು ಉಬ್ಬಿ ನಿಂತಿತ್ತು, ಗೈಡಿಗೆ ಇನ್ನೇನು ತಾಕುವಂತೆ, ತಾಕದೆ. ರೋಜಾಗೆ ಅದನ್ನು ನೋಡಿ ಅಳು ಬಂದಂತಾಯಿತು. ಅಷ್ಟು ವಿಕಾರವಾಗಿತ್ತು, ಅಷ್ಟು ನಿಜವಾಗಿತ್ತು. ಮುಂದಿನ ಸಲ ಗೊತ್ತಿಲ್ಲದ ಜಾಗಕ್ಕೆ ಕೆಂಪು ಬಣ್ಣ ಹಚ್ಚಿ ಕಳಿಸಮ್ಮಾ, ನನಗೂ ಗೊತ್ತಾಗಲಿ ಎಂದು ನಾಗರಾಜನ್ ಗರಗಸ ಕೇಳಿದರು.

ಗರಗಸ ಗೈಡಿನ ಸೀಳಿನೊಳಗೆ ಇಳಿಯಿತು, ನಿಲ್ಲಬೇಕಾದಲ್ಲಿ ತಟ್ಟಿ ನಿಂತಿತು. ಎರಡನೆಯ ಸೀಳಿನಲ್ಲೂ ಹಾಗೇ. ಉಳಿ ಇಟ್ಟು ಮೆಲ್ಲಗೆ ತಿರುಚಿದಾಗ ಒಳಗೆಲ್ಲೋ ಹಳೆಯ ಬಾಗಿಲು ಬಿಟ್ಟುಕೊಂಡ ಹಾಗೆ ಸದ್ದಾಗಿ, ಗಂಟು ಒಂದೇ ತುಂಡಾಗಿ ಟ್ರೇಗೆ ಬಂತು. ನಾಗರಾಜನ್ ಬಟ್ಟೆಯ ಕೆಳಗೆ ಕೈ ಹಾಕಿ ಗದ್ದವನ್ನು ಹಿಡಿದು ಕೆಳಕ್ಕೆ ಒತ್ತಿದರು. ಹಲ್ಲಿನ ಸಾಲುಗಳು ಬಿಟ್ಟುಕೊಂಡವು, ಇನ್ನಷ್ಟು ಬಿಟ್ಟುಕೊಂಡವು, ಇಷ್ಟೇ ಇರಬೇಕು ಎಂದುಕೊಂಡ ಮೇಲೂ ಬಿಟ್ಟುಕೊಳ್ಳುತ್ತಲೇ ಹೋದವು. ಮೂರು ಬೆರಳು ನೆಟ್ಟಗೆ ನಿಲ್ಲಿಸುವಷ್ಟು ಜಾಗ. ವರ್ಷಗಟ್ಟಲೆ ಬೆಳಕು ಕಾಣದ ಆ ಬಾಯೊಳಗೆ ಥಿಯೇಟರಿನ ದೀಪ ಪೂರ್ತಿ ಬಿತ್ತು. ಎಲ್ಲರೂ ಬಾಗಿದರು. ಅಲ್ಲಿ ಗುಲಾಬಿ ಬಣ್ಣದ, ಹೊಚ್ಚ ಹೊಸದರಂತಿದ್ದ ನಾಲಿಗೆ ಸುಮ್ಮನೆ ಮಲಗಿತ್ತು. ಸಿಸ್ಟರ್ ಕಲೈವಾಣಿ ಯಾರಿಗೂ ಹೇಳದೆ, ತನ್ನಷ್ಟಕ್ಕೆ, ಎಷ್ಟು ಚೆಂದ ಇದೆ ಎಂದಳು.

ಸಂಜೆ ನಾಲ್ಕರ ಬಿಸಿಲು ವಾರ್ಡಿನ ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು. ಗೈಡು ಕೂತಿತು, ಬಾಯಿ ತೆರೆಯಿತು ಎಂದು ರೋಜಾ ಆಗಲೇ ಬೆಂಚಿಗೆ ಬಂದು ಹೇಳಿದ್ದಳು. ಚಿನ್ನಪ್ಪ ಕೇಳಿದವನೇ ಗೋಡೆಯ ಕಡೆ ತಿರುಗಿ ನಿಂತ; ಮತ್ತೆ ಈ ಕಡೆ ತಿರುಗಿದಾಗ ಅವನ ಕಣ್ಣು ಕೆಂಪಗಿತ್ತು. ಮುನಿರತ್ನಮ್ಮ ನಂಬಿರಲಿಲ್ಲ. ಈಗಲೂ ಮಗಳ ಮುಖವನ್ನೇ ನೋಡುತ್ತ, ಮುಚ್ಚಿಯೇ ಇದೆಯಲ್ಲ ಎಂದು ಎರಡು ಸಲ ಹೇಳಿದಳು. ನಿದ್ದೆಯಲ್ಲಿ ಎಲ್ಲರೂ ಮುಚ್ಚಿಕೊಂಡೇ ಇರ್ತಾರೆ ಅಮ್ಮಾ ಎಂದಳು ರೋಜಾ. ಅವಳೂ ಆ ಮುಖವನ್ನೇ ನೋಡುತ್ತಿದ್ದಳು. ಈ ಹುಡುಗಿಯ ಬುರುಡೆಯ ಒಂದೊಂದು ತಿರುವೂ ಗೊತ್ತಿದ್ದ ಅವಳು ಮುಖ ನೋಡುತ್ತಿರುವುದು ಇದೇ ಮೊದಲು. ತಲೆಗೆ ಸುತ್ತಿದ ಬಿಳಿ ಪಟ್ಟಿಯ ನಡುವೆ ಕಪ್ಪಗಿನ, ಚುರುಕಾದ ಹುಬ್ಬಿನ ಮುಖ. ಒಳಗೆ ಸರಿದ ಪುಟ್ಟ ಗದ್ದ. ಹುಬ್ಬುಗಳ ನಡುವೆ, ಬಹಳ ಯೋಚನೆ ಮಾಡುವವರಿಗೆ ಬೀಳುವ ಒಂದು ಗೆರೆ. ಅಷ್ಟು ಎಲುಬಿನ ಮೇಲೆ ಇಂಥದೊಂದು ಮುಖ ಇರಬಹುದೆಂದು ಅವಳು ಊಹಿಸಿಯೂ ಇರಲಿಲ್ಲ.

ರಮಾಮಣಿ ಕಣ್ಣು ತೆರೆದಳು. ಚಾವಣಿಯನ್ನು, ತಾಯಿಯನ್ನು, ಗುರುತಿಲ್ಲದ ರೋಜಾಳನ್ನು ನೋಡಿದಳು. ಆಮೇಲೆ ಅವಳ ಮೂಗಿನ ಹೊಳ್ಳೆಗಳು ಅರಳಿದವು, ಕಣ್ಣು ಸಣ್ಣಗಾಯಿತು, ಮತ್ತು ಅವಳ ಬಾಯಿ ಅವಳನ್ನು ಕೇಳದೆ ತೆರೆಯತೊಡಗಿತು. ಅವಳು ಹೆದರಿ ತಾಯಿಯ ಮುಂಗೈ ಹಿಡಿದಳು. ಬಾಯಿ ನಿಲ್ಲಲಿಲ್ಲ. ಏನಾಯ್ತು, ಏನಾಗ್ತಾ ಐತೆ ಎಂದು ಮುನಿರತ್ನಮ್ಮ ಎದ್ದು ನಿಂತಳು.

“ಆಕಳಿಕೆ ಅಮ್ಮಾ,” ಎಂದಳು ರೋಜಾ. “ಆಕಳಿಸ್ತಾ ಅವ್ಳೆ. ಅಷ್ಟೇಯಾ.”

ಇಷ್ಟು ವರ್ಷ ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುತ್ತಿದ್ದದ್ದು ಈಗ ದಾರಿ ಕಂಡು ಉದ್ದಕ್ಕೆ, ನಿಧಾನಕ್ಕೆ, ಗಂಟಲಿನ ಸಣ್ಣ ಸದ್ದಿನೊಂದಿಗೆ ಹೊರಗೆ ಬಂದು ಮುಗಿಯಿತು. ರಮಾಮಣಿ ಬಾಯಿ ಮುಚ್ಚಿ, ನೋವಿಗೆ ಮುಖ ಹಿಂಡಿ, ತೆರೆದು, ಅದು ಇನ್ನೂ ತನ್ನದೇ ಎಂದು ನೋಡಿಕೊಂಡಳು. ಮುನಿರತ್ನಮ್ಮ ಏನೋ ಹೇಳಲು ಹೋದಳು. ಮಾತಿನ ಬದಲು ಅವಳಿಗೂ ಆಕಳಿಕೆ ಬಂತು, ಕಣ್ಣಲ್ಲಿ ನೀರು ತುಂಬಿಕೊಂಡು. ಡ್ರಿಪ್ ಸರಿಮಾಡುತ್ತಿದ್ದ ಕಲೈವಾಣಿ ಮೊಣಕೈಯಿಂದ ಬಾಯಿ ಮುಚ್ಚಿಕೊಂಡಳು. ಬಾಗಿಲಲ್ಲಿ ಇಣುಕಿದ ಚಿನ್ನಪ್ಪ ಏನಕ್ಕಾ ಎಂದು ಕೇಳಲು ಬಾಯಿ ತೆರೆದವನು ಹಾಗೇ ತೆರೆದುಕೊಂಡು ನಿಂತ. ರೋಜಾ ಹಲ್ಲು ಕಚ್ಚಿ ತಡೆದಳು, ಆಗಲಿಲ್ಲ. ಆಗಲೇ ಒಳಗೆ ಬಂದ ನಾಗರಾಜನ್ ಪೇಷಂಟಿನ ಬಾಯಿ ಹೇಗಿದೆ ಎಂದು ಕೇಳಬೇಕೆಂದಿದ್ದವರು, ಕೋಣೆಯ ತುಂಬ ತೆರೆದ ಬಾಯಿಗಳನ್ನು ನೋಡಿ ಕೇಳುವುದನ್ನು ಮರೆತು ತಾವೂ ಕೈ ಅಡ್ಡ ಹಿಡಿದರು. ರಮಾಮಣಿ ದಿಂಬಿನ ಮೇಲಿಂದ ಒಬ್ಬೊಬ್ಬರನ್ನೇ ನೋಡಿದಳು, ಇದು ತಾನೇ ಮಾಡಿದ್ದು ಎಂದು ಅರ್ಥವಾಗುವ ತನಕ. ಆಮೇಲೆ, ಈ ಸಲ ಹೆದರದೆ, ಇನ್ನೊಂದು ಆಕಳಿಕೆ ತೆಗೆದಳು.